ಮೊಬೈಲ್ ಫೋನಿಗೆ ತತ್‌ಕ್ಷಣ ಸಂದೇಶಗಳು ಬಾರದಿದ್ದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಸರ್ಕಾರದ ಹಲವು ಸೇವೆಗಳಿಗೆ ಸೇವಾ ಸಿಂಧು ಜಾಲತಾಣದ ಮೂಲಕ ಅಥವಾ ನಾಡಕಚೇರಿ, ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಅರ್ಜಿಯೊಡನೆ ನೀಡಿದ ಮೊಬೈಲ್ ಸಂಖ್ಯೆಗೇ ಒಂದು ಬಾರಿಯ ಗುಪ್ತಸಂಖ್ಯೆ, ಅಂದರೆ ಓಟಿಪಿ, ಹಾಗೂ ಅರ್ಜಿಗೆ ಸಂಬಂಧಿಸಿದ ಮಾಹಿತಿ ಬರುತ್ತದೆ. ಸಂದೇಶ ಬಾರದಿದ್ದಾಗ ಅನೇಕರು ಓಟಿಪಿಗಾಗಿ ಮತ್ತೆ ಮತ್ತೆ ಗುಂಡಿ ಒತ್ತುತ್ತಾರೆ, ಸಂದೇಶದ ಆ್ಯಪ್ ಅನ್ನೇ ತೆಗೆದುಹಾಕುತ್ತಾರೆ ಇಲ್ಲವೇ ಫೋನನ್ನು ಅಪರಿಚಿತರ ಕೈಗೆ ಕೊಡುತ್ತಾರೆ. ಈ ಮೂರರಿಂದಲೂ ತೊಂದರೆ ಹೆಚ್ಚುವ ಸಂಭವವಿದೆ. ಮೊದಲು ದೋಷ ಎಲ್ಲಿದೆ ಎಂಬುದನ್ನು ಕಂಡುಕೊಂಡು, ನಂತರ ಪರಿಹಾರಕ್ಕೆ ಮುಂದಾಗುವುದು ಸೂಕ್ತ.

1. ಸಂದೇಶದ ಬಗೆಯನ್ನು ತಿಳಿಯುವುದು

ಎಸ್ಸೆಮ್ಮೆಸ್ ಮೊಬೈಲ್ ಕಂಪನಿಯ ಜಾಲದ ಮೂಲಕ ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಸಿಗ್ನಲ್ ಇದ್ದರೆ ಸಾಕು. ವಾಟ್ಸಾಪ್‌ನಂತಹ ತತ್‌ಕ್ಷಣ ಸಂದೇಶಗಳಿಗೆ ಇಂಟರ್‌ನೆಟ್ ಅತ್ಯಗತ್ಯ. ಆದುದರಿಂದ ಎಸ್ಸೆಮ್ಮೆಸ್ ಬಂದು ವಾಟ್ಸಾಪ್ ಬಾರದಿದ್ದಲ್ಲಿ ಇಂಟರ್‌ನೆಟ್ ಅಥವಾ ಆ್ಯಪ್ ಅನ್ನು ಪರಿಶೀಲಿಸಬೇಕು. ವಾಟ್ಸಾಪ್ ಬಂದು ಎಸ್ಸೆಮ್ಮೆಸ್ ಬಾರದಿದ್ದಲ್ಲಿ ಸಿಮ್, ಸಿಗ್ನಲ್ ಅಥವಾ ನೋಂದಾಯಿತ ಸಂಖ್ಯೆಯನ್ನು ಪರಿಶೀಲಿಸಬೇಕು.

2. ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ವಿಧಾನ

ಮನೆಯವರು ಅಥವಾ ಪರಿಚಿತರೊಬ್ಬರಿಂದ ಒಂದು ವಾಟ್ಸಾಪ್ ಸಂದೇಶ ಕಳುಹಿಸಲು ಹೇಳಿ, ಅವರ ಫೋನಿನಲ್ಲಿ ಕಾಣುವ ಗುರುತನ್ನು ಗಮನಿಸಬೇಕು.

ಅ) ಗಡಿಯಾರದ ಚಿಹ್ನೆ ಕಂಡರೆ ಸಂದೇಶ ಕಳುಹಿಸುವವರ ಫೋನನ್ನೇ ಬಿಟ್ಟು ಹೊರಟಿಲ್ಲ.
ಆ) ಒಂದೇ ಸರಿ ಗುರುತು ಉಳಿದರೆ ಸಂದೇಶ ಹೊರಟಿದೆ, ಆದರೆ ಅರ್ಜಿದಾರರ ಫೋನನ್ನು ತಲುಪಿಲ್ಲ. ಫೋನು ಸ್ಥಗಿತವಾಗಿರಬಹುದು, ಇಂಟರ್‌ನೆಟ್ ಇಲ್ಲದಿರಬಹುದು ಅಥವಾ ಆ ಸಂಖ್ಯೆಯನ್ನು ನಿರ್ಬಂಧಿಸಿರಬಹುದು.
ಇ) ಎರಡು ಸರಿ ಗುರುತು ಬಂದರೆ ಸಂದೇಶ ತಲುಪಿದೆ. ಸದ್ದಾಗಲೀ ಸೂಚನೆಯಾಗಲೀ ಬಾರದಿದ್ದಲ್ಲಿ ದೋಷವಿರುವುದು ನೋಟಿಫಿಕೇಶನ್ ವ್ಯವಸ್ಥೆಯಲ್ಲಿ ಮಾತ್ರ.

ತಲುಪದ ಸಂದೇಶವನ್ನು ವಾಟ್ಸಾಪ್ ಸಂಸ್ಥೆಯು ಗರಿಷ್ಠ 30 ದಿನಗಳವರೆಗೆ ಕಾಯ್ದಿರಿಸಿ, ಬಳಿಕ ಅಳಿಸಿಹಾಕುತ್ತದೆ. ಕೆಟ್ಟ ಫೋನನ್ನು ತಿಂಗಳುಗಟ್ಟಲೆ ಹಾಗೆಯೇ ಇಟ್ಟವರಿಗೆ ಹಳೆಯ ಸಂದೇಶಗಳು ಮರಳಿ ದೊರೆಯದಿರಬಹುದು.

3. ಫೋನಿನಲ್ಲಿಯೇ ಸರಿಪಡಿಸಬಹುದಾದ ದೋಷಗಳು

ಕೆಳಕಂಡವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದು.

ಅ) ಏರ್‌ಪ್ಲೇನ್ ಮೋಡ್ ಅನ್ನು ಒಮ್ಮೆ ಚಾಲನೆಗೊಳಿಸಿ, ಕೆಲವು ಸೆಕೆಂಡುಗಳ ನಂತರ ತೆಗೆಯುವುದು, ಸರಿಹೋಗದಿದ್ದಲ್ಲಿ ಫೋನನ್ನು ಆರಿಸಿ ಪುನಃ ಚಾಲನೆಗೊಳಿಸುವುದು.
ಆ) ಡೇಟಾ ಪ್ಯಾಕ್ ಮುಗಿದಿದೆಯೇ ಎಂದು ನೋಡುವುದು. ಬೇರೊಂದು ಜಾಲತಾಣ ತೆರೆಯುತ್ತಿದ್ದರೆ ಇಂಟರ್‌ನೆಟ್ ಸರಿಯಿದೆ ಎಂದರ್ಥ.
ಇ) ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತ ವ್ಯವಸ್ಥೆಗೆ ಬಿಡುವುದು. ದಿನಾಂಕ ತಪ್ಪಾಗಿದ್ದರೆ ವಾಟ್ಸಾಪ್ ಸಂಪರ್ಕ ಸಾಧಿಸುವುದಿಲ್ಲ.
ಈ) ಫೋನಿನಲ್ಲಿ ಖಾಲಿ ಜಾಗವಿದೆಯೇ ಎಂದು ನೋಡುವುದು. ಜಾಗವಿಲ್ಲದಿದ್ದರೆ ಕಡತ ಮತ್ತು ಚಿತ್ರಗಳನ್ನು ಇಳಿಸಿಕೊಳ್ಳಲಾಗುವುದಿಲ್ಲ.
ಉ) ಬ್ಯಾಟರಿ ಸೇವರ್ ಮತ್ತು ಡೇಟಾ ಸೇವರ್‌ಗಳಿಂದಾಗಿ, ಆ್ಯಪ್ ತೆರೆದಾಗ ಮಾತ್ರ ಸಂದೇಶಗಳು ಒಟ್ಟಿಗೆ ಬಂದು ಬೀಳುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಸದರಿ ಆ್ಯಪ್‌ಗೆ ಬ್ಯಾಕ್‌ಗ್ರೌಂಡ್ ಡೇಟಾ ಹಾಗೂ ನೋಟಿಫಿಕೇಶನ್ ಅನುಮತಿ ನೀಡುವುದು.
ಊ) ಆ್ಯಪ್ ಅನ್ನು ಅಧಿಕೃತ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ನವೀಕರಿಸುವುದು. ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಆವೃತ್ತಿಗಳ ಫೋನುಗಳಿಗೆ ವಾಟ್ಸಾಪ್ ಬೆಂಬಲವು 2023ರ ಅಕ್ಟೋಬರ್‌ನಲ್ಲಿಯೇ ನಿಂತಿದೆ.

4. ಓಟಿಪಿ ಬಾರದಿದ್ದಲ್ಲಿ

ಮೊದಲಿಗೆ, ಸ್ವೀಕೃತಿ ಪತ್ರದಲ್ಲಿ ನಮೂದಾಗಿರುವ ಮೊಬೈಲ್ ಸಂಖ್ಯೆಯನ್ನು ಓದಿ ನೋಡಬೇಕು. ಬೇರೆಯವರ ಮೂಲಕ ಅರ್ಜಿ ಸಲ್ಲಿಸಿದಾಗ ಅವರ ಸಂಖ್ಯೆಯೇ ನಮೂದಾಗಿರುವ ಸಾಧ್ಯತೆಯಿದೆ. ಆಧಾರ್ ಆಧಾರಿತ ಓಟಿಪಿಯು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ ಮಾತ್ರ ಬರುತ್ತದೆ. ಈ ಬಗ್ಗೆ ಸಹಾಯವಾಣಿ 1947ನ್ನು ಸಂಪರ್ಕಿಸಬಹುದು.

ಕಳೆದುಹೋದ ಅಥವಾ ಹಾಳಾದ ಸಿಮ್‌ಗೆ ಬದಲಾಗಿ ಅದೇ ಸಂಖ್ಯೆಯ ಹೊಸ ಸಿಮ್ ಪಡೆದವರಿಗೆ, ವಂಚನೆ ತಡೆಯುವ ಸಲುವಾಗಿ, ಮೊದಲ 24 ಗಂಟೆಗಳ ಕಾಲ ಎಸ್ಸೆಮ್ಮೆಸ್ ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ. ಇದು ಫೋನಿನ ದೋಷವಲ್ಲ. ಕೊನೆಯ ದಿನಾಂಕ ಹತ್ತಿರವಿರುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸಂದೇಶವು ಸ್ಪ್ಯಾಮ್ ಹಾಗೂ ನಿರ್ಬಂಧಿತ ಸಂದೇಶಗಳ ವಿಭಾಗಕ್ಕೆ ಸೇರಿರಬಹುದು, ಅಲ್ಲಿಯೂ ಹುಡುಕುವುದು. ಹಲವು ಬಾರಿ ಓಟಿಪಿ ಕೋರಿದ್ದರೆ ಸಾಮಾನ್ಯವಾಗಿ ಕೊನೆಯದು ಮಾತ್ರ ಮಾನ್ಯವಾಗುತ್ತದೆ. ಹಿಂದಿನದನ್ನು ನಮೂದಿಸಿ 'ತಪ್ಪು ಸಂಖ್ಯೆ' ಎಂಬ ಉತ್ತರ ಬಂದಾಗ ಗಾಬರಿಯಾಗುವ ಅಗತ್ಯವಿಲ್ಲ.

5. ಸಂಖ್ಯೆ ಬದಲಾಗಿದ್ದಲ್ಲಿ

ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು ಮೊಬೈಲ್ ಕಂಪನಿಗಳು 90 ದಿನಗಳ ನಂತರ ಬೇರೊಬ್ಬ ಗ್ರಾಹಕರಿಗೆ ನೀಡಬಹುದು. ಆಗ ಅರ್ಜಿದಾರರ ಓಟಿಪಿ ಮತ್ತು ಮಾಹಿತಿಯು ಅಪರಿಚಿತರೊಬ್ಬರ ಕೈಸೇರುತ್ತದೆ. ಹಳೆಯ ಸಂಖ್ಯೆಯನ್ನು ಕೈಬಿಡುವ ಮುನ್ನವೇ ಆಧಾರ್, ಬ್ಯಾಂಕ್ ಖಾತೆ ಮತ್ತು ಚಾಲ್ತಿಯಲ್ಲಿರುವ ಅರ್ಜಿಗಳಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸುವುದು ಕ್ಷೇಮ.

6. ಮಾಡಬಾರದ ಕೆಲಸಗಳು

ಅ) ಬ್ಯಾಕಪ್ ಇಲ್ಲದೆ ಆ್ಯಪ್ ತೆಗೆದುಹಾಕಬಾರದು. ಅದರಲ್ಲಿರುವ ರಸೀದಿ ಹಾಗೂ ದಾಖಲೆಗಳು ಶಾಶ್ವತವಾಗಿ ಕಳೆದುಹೋಗಬಹುದು.
ಆ) ವಾಟ್ಸಾಪ್ ನೋಂದಣಿಯ 6 ಅಂಕಿಗಳ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು, ತಿಳಿಸಿದಲ್ಲಿ ಖಾತೆಯು ಅವರ ಫೋನಿಗೆ ವರ್ಗವಾಗುತ್ತದೆ. ಸೇವಾ ಕೇಂದ್ರದಲ್ಲಿ ಓಟಿಪಿ ಬಂದಾಗ ಅದು ಯಾವ ಉದ್ದೇಶಕ್ಕೆಂದು ಅರ್ಜಿದಾರರೇ ಓದಿ, ಸಾಧ್ಯವಾದಷ್ಟೂ ತಾವೇ ನಮೂದಿಸುವುದು.
ಇ) ವಾಹನ ದಂಡದ ಚಲನ್ ಅಥವಾ ಯೋಜನೆಯ ಸೌಲಭ್ಯದ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತಗಳನ್ನು ತೆರೆಯಬಾರದು. ಇಂತಹ ಕಡತಗಳು ಫೋನಿಗೆ ಬರುವ ಓಟಿಪಿಗಳನ್ನು ಕದ್ದು ಬೇರೆಡೆಗೆ ರವಾನಿಸಬಲ್ಲವು.

ಈಗಾಗಲೇ ಹಣ ಕಳೆದುಕೊಂಡಿದ್ದಲ್ಲಿ ವಿಳಂಬವಿಲ್ಲದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

7. ಅರ್ಜಿಯ ಸ್ಥಿತಿಯ ಬಗ್ಗೆ

ಸಂದೇಶ ಬಾರದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗಿದೆ ಎಂದಾಗಲೀ, ಮಂಜೂರಾಗಿದೆ ಎಂದಾಗಲೀ ಭಾವಿಸಬಾರದು. ಸಂದೇಶವು ತಿಳಿವಳಿಕೆ ಮಾತ್ರ. ಅರ್ಜಿಯ ಮೇಲಿನ ಕ್ರಮವು ಕಚೇರಿಯ ದಾಖಲೆಯಲ್ಲಿರುತ್ತದೆ. ಸ್ವೀಕೃತಿ ಪತ್ರದಲ್ಲಿನ ಅರ್ಜಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಲ್ಲಿ, ಫೋನು ಕೆಟ್ಟಿದ್ದರೂ ಜಾಲತಾಣದಲ್ಲಿ ಅಥವಾ ಅರ್ಜಿ ಸಲ್ಲಿಸಿದ ಕೇಂದ್ರದಲ್ಲಿ ಸ್ಥಿತಿಯನ್ನು ತಿಳಿಯಬಹುದು. ಹೆಚ್ಚುವರಿ ದಾಖಲೆ ಕೋರಿದ್ದು ತಿಳಿಯದೆ ಗಡುವು ಮೀರುವುದನ್ನು ತಪ್ಪಿಸಲು, ಅರ್ಜಿದಾರರು ಸಂದೇಶಕ್ಕಾಗಿ ಕಾಯದೆ ವಾರಕ್ಕೊಮ್ಮೆಯಾದರೂ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಲು ಕೋರಲಾಗಿದೆ.