ಕಾಶಿಯ ಮಸಣದಲ್ಲಿ ಕನ್ನಡದ ಅಳಲು

ಕಾಶಿಯಲ್ಲಿ ಹೆಣ ಸುಡುವ ಘಾಟುಗಳು ಎರಡು. ಮಣಿಕರ್ಣಿಕಾ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿಂದ ದಕ್ಷಿಣಕ್ಕೆ, ಕೇದಾರ ಘಾಟ್ ದಾಟಿದ ಮೇಲೆ ಸಿಗುವುದು ಹರಿಶ್ಚಂದ್ರ ಘಾಟ್. ಅದಕ್ಕೆ ಅಂಟಿಕೊಂಡೇ, ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಇದೆ. ಗಾಳಿ ತಿರುಗಿದರೆ ಪಕ್ಕದ ಚಿತೆಗಳ ಹೊಗೆ ಈ ಮೆಟ್ಟಿಲುಗಳ ಮೇಲೇ ಹಾಯುತ್ತದೆ.

ಹರಿಶ್ಚಂದ್ರ ಘಾಟಿನಲ್ಲಿ ಸೌದೆಯನ್ನು ತೂಕ ಹಾಕಿ ಮಾರುತ್ತಾರೆ. ಚಿತೆಗೆ ಬೆಂಕಿ ಮಸಣ ಕಾಯುವ ಡೋಮರ ಕೈಯಿಂದಲೇ ಬರಬೇಕು. ಅದಕ್ಕೆ ಕಾಣಿಕೆ ಸಲ್ಲಬೇಕು. ಎಲ್ಲ ಮುಗಿದಾಗ ಕರ್ಮ ಮಾಡಿದವನು ನೀರಿನ ಮಡಕೆಯನ್ನು ಹೆಗಲ ಮೇಲಿಂದ ಹಿಂದಕ್ಕೆಸೆದು, ತಿರುಗಿ ನೋಡದೆ ಹೋಗುತ್ತಾನೆ. ಹೆಂಗಸರು ಮಸಣಕ್ಕೆ ಬರುವುದು ರೂಢಿಯಲ್ಲಿಲ್ಲ. ಬಿಕ್ಕಿ ಅಳುವುದನ್ನೂ ಹಿರಿಯರು ತಡೆಯುತ್ತಾರೆ. ಕಾಶಿಯಲ್ಲಿ ಸತ್ತವರ ಕಿವಿಯಲ್ಲಿ ಶಿವನೇ ತಾರಕಮಂತ್ರ ಹೇಳುತ್ತಾನೆಂಬ ನಂಬಿಕೆ ಇರುವಾಗ ಕಣ್ಣೀರಿಗೆ ಎಡೆಯೆಲ್ಲಿ?

ಇಂಥ ಜಾಗಕ್ಕೆ ಹಂಪೆಯ ಕವಿ ರಾಘವಾಂಕ 13ನೇ ಶತಮಾನದಲ್ಲಿ ಒಬ್ಬ ಹೆಂಗಸನ್ನು ನಡುರಾತ್ರಿ ಒಂಟಿಯಾಗಿ ಕಳಿಸಿದ. ‘ಹರಿಶ್ಚಂದ್ರ ಕಾವ್ಯ’ದ ಚಂದ್ರಮತಿ ಅವಳು. ಒಂದು ಕಾಲದ ರಾಣಿ, ಈಗ ಕಾಶಿಯ ಬ್ರಾಹ್ಮಣನೊಬ್ಬನ ಮನೆಯ ತೊತ್ತು. ಮಗ ಲೋಹಿತಾಶ್ವ ಕಾಡಿನಲ್ಲಿ ಹಾವು ಕಚ್ಚಿ ಸತ್ತ ಸುದ್ದಿ ಬಂದರೂ ಮನೆಗೆಲಸ ಮುಗಿಯದೆ ಒಡೆಯ ಬಿಡುವುದಿಲ್ಲ. ಕತ್ತಲಲ್ಲಿ ಹುಡುಕಿಕೊಂಡು ಹೋಗಿ, ಹೆಣವನ್ನು ತಾನೇ ಹೊತ್ತು ಮಸಣಕ್ಕೆ ಬರುತ್ತಾಳೆ. ಅಲ್ಲಿ ಅವಳು ಅಳುವ ಅಳು ಕನ್ನಡದಲ್ಲೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಆ ಅಳುವನ್ನು ನಮ್ಮವರೆಗೆ ತಂದದ್ದು ಗಮಕ ಕಲೆ. ಇದಕ್ಕೆ ವೇಷ ಬೇಡ, ಪರದೆ ಬೇಡ, ತಾಳವೂ ಬೇಡ. ಗಮಕಿ ಶ್ರುತಿ ಹಿಡಿದು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದರ ಅರ್ಥ ಬಿಡಿಸುತ್ತಾರೆ. ಮಾತು ಮುಂದೆ, ರಾಗ ಹಿಂದೆ ಎಂಬುದು ಇಲ್ಲಿನ ಶಿಸ್ತು. ಆಲಾಪನೆಯಲ್ಲಿ ಪದ ಮುಳುಗಿದರೆ ಅದು ಗಮಕವಾಗುವುದಿಲ್ಲ. ತುಂಗೆಯ ದಡದ ಮತ್ತೂರು, ಹೊಸಹಳ್ಳಿಗಳಲ್ಲಿ ಈ ಕಲೆ ಮನೆಮನೆಯ ವಿದ್ಯೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ರಾಘವಾಂಕ ಆರಿಸಿಕೊಂಡ ವಾರ್ಧಕ ಷಟ್ಪದಿಯ ಗುಟ್ಟು ಗಮಕಿಯ ಬಾಯಲ್ಲೇ ತಿಳಿಯಬೇಕು. ಐದೈದು ಮಾತ್ರೆಯ ನಾಲ್ಕು ಗಣಗಳ ಸಾಲು ಒಂದು, ಅಂಥದ್ದೇ ಇನ್ನೊಂದು. ಮೂರನೆಯ ಸಾಲು ಮಾತ್ರ ಆರು ಗಣ, ಕೊನೆಗೊಂದು ಗುರು: 20 ಮಾತ್ರೆಯಿಂದ ಒಮ್ಮೆಲೇ 32ಕ್ಕೆ. ಪದ್ಯದ ದ್ವಿತೀಯಾರ್ಧದಲ್ಲೂ ಹೀಗೆಯೇ. ಸಂಕಟದ ಪ್ರಸಂಗದಲ್ಲಿ ಇದನ್ನು ಕೇಳಬೇಕು. ಎರಡು ಸಾಲು ತಡೆದುಕೊಂಡ ಉಸಿರು ಮೂರನೆಯದರಲ್ಲಿ ಕಟ್ಟೆಯೊಡೆದ ಕೆರೆಯಂತೆ ನುಗ್ಗುತ್ತದೆ. ಅಷ್ಟು ಉದ್ದದ ಸಾಲನ್ನು ಮುಖಾರಿ ರಾಗದಲ್ಲಿ ಎಳೆಯುತ್ತ ಕೊನೆಯ ಗುರುವಿನ ಮೇಲೆ ನಿಲ್ಲುವ ಹೊತ್ತಿಗೆ ಹಾಡುವವರ ಎದೆಯಲ್ಲಿ ಗಾಳಿ ಉಳಿದಿರುವುದಿಲ್ಲ. ಕೇಳುವವರಲ್ಲಿ ಸೆರಗು, ಕರವಸ್ತ್ರ ಕಣ್ಣಿಗೆ ಹೋಗಿರುತ್ತವೆ. ಅವರು ಅಳುವುದು ಲೋಹಿತಾಶ್ವನಿಗಾಗಿ ಮಾತ್ರ ಅಲ್ಲ. ತಿಥಿ, ಸೂತಕ, ಬಂದವರ ಊಟೋಪಚಾರದ ಗಡಿಬಿಡಿಯಲ್ಲಿ ಅಳಲು ಹೊತ್ತು ಸಿಗದ ಎಷ್ಟೋ ಸಾವುಗಳು ಆಗ ನೆನಪಾಗುತ್ತವೆ.

ಕವಿಯ ಎದೆಗಾರಿಕೆ ಇನ್ನೂ ಮುಂದಿದೆ. ಅಳುತ್ತಿರುವ ತಾಯಿಯ ಮುಂದೆ ಮಸಣದ ಕಾವಲುಗಾರ ಬಂದು ಸುಡುವ ತೆರಿಗೆ ಕೇಳುತ್ತಾನೆ. ಅವನೇ ಮಗುವಿನ ತಂದೆ; ಮಸಣದ ಒಡೆಯ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡ ಹರಿಶ್ಚಂದ್ರ. ಗುರುತು ಸಿಕ್ಕ ಮೇಲೂ ಅವನು ತೆರಿಗೆ ಬಿಡುವುದಿಲ್ಲ. ಅದು ಒಡೆಯನ ಹಣ, ತನ್ನದಲ್ಲ. ಶೋಕವೂ ಲೆಕ್ಕವೂ ಹೀಗೆ ಎದುರುಬದುರಾಗುವುದನ್ನು ಸಾವು ಕಂಡ ಮನೆಯವರೆಲ್ಲ ಬಲ್ಲರು. ಆಸ್ಪತ್ರೆಯ ಬಿಲ್ಲು ಕಟ್ಟಿ ಹೆಣ ಬಿಡಿಸಿಕೊಂಡವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ.

ರಂಗಭೂಮಿ ಈ ದೃಶ್ಯವನ್ನು ಕೈಬಿಟ್ಟದ್ದೇ ಇಲ್ಲ. ಯಕ್ಷಗಾನದಲ್ಲಿ, ತಾಳಮದ್ದಲೆಯಲ್ಲಿ ಇದು ಕರುಣರಸದ ದೊಡ್ಡ ಪರೀಕ್ಷೆ. ಆರ್. ನಾಗೇಂದ್ರರಾಯರು 1943ರಲ್ಲಿ ಸುಬ್ಬಯ್ಯನಾಯ್ಡು ಅವರನ್ನು ಹರಿಶ್ಚಂದ್ರನನ್ನಾಗಿಸಿ ಚಿತ್ರ ಮಾಡಿದರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜ್‌ಕುಮಾರ್, ಪಂಢರಿಬಾಯಿ ಮಸಣದಲ್ಲಿ ಎದುರಾದದ್ದನ್ನು ಹಳೆಯ ತಲೆಮಾರು ಇಂದಿಗೂ ಮರೆತಿಲ್ಲ. ಅತ್ತ ಕಾಶಿಯವರೇ ಆದ ಭಾರತೇಂದು ಹರಿಶ್ಚಂದ್ರರು 19ನೇ ಶತಮಾನದಲ್ಲಿ ಇದೇ ಕಥೆಯನ್ನು ಹಿಂದಿ ನಾಟಕವಾಗಿಸಿದರು. ಬಾಲಕ ಗಾಂಧಿ ಊರಿಗೆ ಬಂದ ತಂಡವೊಂದರ ಹರಿಶ್ಚಂದ್ರ ನಾಟಕ ನೋಡಿ ಅತ್ತದ್ದನ್ನು ಅವರ ಆತ್ಮಕಥೆಯಲ್ಲಿ ಓದಬಹುದು.

ಕಥೆಯ ಕೊನೆಯಲ್ಲಿ ವಿಶ್ವನಾಥ ಪ್ರತ್ಯಕ್ಷನಾಗುತ್ತಾನೆ, ಮಗು ಎದ್ದು ಕೂರುತ್ತದೆ. ಸಭೆಗೆ ಅದು ಬೇಕು. ಮಂಗಳ ಹಾಡದೆ ಏಳುವಂತಿಲ್ಲ. ಆದರೆ ಘಾಟಿನಲ್ಲಿ ಯಾರೂ ಎದ್ದು ಕೂರುವುದಿಲ್ಲ. ಅದಕ್ಕೇ ನನಗೆ ಈ ಕಾವ್ಯದ ಸತ್ಯ ಕಾಣುವುದು ಮಂಗಳಕ್ಕೆ ಮುಂಚಿನ ಆ ರಾತ್ರಿಯಲ್ಲಿ.

ಅಸ್ಥಿ ಬಿಡಲು, ಪಿಂಡ ಇಡಲು ನಮ್ಮೂರುಗಳಿಂದ ಜನ ವರ್ಷವಿಡೀ ಕಾಶಿಗೆ ಹೋಗುತ್ತಾರೆ. ಕರ್ನಾಟಕ ಘಾಟಿನ ಮೆಟ್ಟಿಲ ಮೇಲೆ ಅವರಿಗಾಗಿ ವರ್ಷಕ್ಕೊಂದು ಸಂಜೆಯಾದರೂ ಚಂದ್ರಮತಿಯ ಪ್ರಲಾಪದ ವಾಚನ ನಡೆಯಬೇಕೆಂಬುದು ನನ್ನ ಆಸೆ. ಅಕಾಡೆಮಿಗಳು, ಗಮಕ ಪರಿಷತ್ತು ಮನಸ್ಸು ಮಾಡಿದರೆ ಕಷ್ಟವೇನಲ್ಲ. ಒಂದು ಶ್ರುತಿಪೆಟ್ಟಿಗೆ, ಹಾಸಲು ಜಮಖಾನ, ಇಬ್ಬರು ಕಲಾವಿದರು ಸಾಕು.