ಫಲಿತಾಂಶ ಮೊದಲೇ ಫಿಕ್ಸ್ ಆಗಿದ್ದ ಕುಸ್ತಿಯಲ್ಲೂ ಮೋಸ! ಏನಿದು ‘ಮಾಂಟ್ರಿಯಲ್ ಸ್ಕ್ರೂಜಾಬ್’?

ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ರಿಂಗ್‌ಗೆ ಇಳಿಯೋ ಮೊದಲೇ ತೀರ್ಮಾನ ಆಗಿರುತ್ತೆ. ಹಾಗಿದ್ದ ಮೇಲೆ ಅಲ್ಲಿ ಮೋಸ ಆಗೋಕೆ ಸಾಧ್ಯಾನಾ? ಆಗಿದೆ. 1997ರ ನವೆಂಬರ್ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ‘ಸರ್ವೈವರ್ ಸೀರೀಸ್’ ಅದಕ್ಕೆ ಸಾಕ್ಷಿ.

ಇದೊಂದು ಪೇ-ಪರ್-ವ್ಯೂ ಶೋ. ಅಂದ್ರೆ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡೋಕೂ ಪ್ರತ್ಯೇಕ ದುಡ್ಡು ಕಟ್ಟಬೇಕು. ಅವತ್ತು ಮ್ಯಾನ್‌ಕೈಂಡ್ ವಿರುದ್ಧ ಕೇನ್ ಗೆದ್ದರು. ಓವನ್ ಹಾರ್ಟ್ ಅವರನ್ನು ಸೋಲಿಸಿ ಸ್ಟೀವ್ ಆಸ್ಟಿನ್ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಪಡೆದರು. ಗಲಾಟೆ ಆಗಿದ್ದು ಕೊನೆಯ ಪಂದ್ಯದಲ್ಲಿ. ಚಾಂಪಿಯನ್ ಬ್ರೆಟ್ ಹಾರ್ಟ್, ಎದುರಾಳಿ ಶಾನ್ ಮೈಕಲ್ಸ್.

ಜಗಳ ಯಾಕೆ?

ಕಂಪನಿಗೆ ಆಗ ಡಬ್ಲ್ಯುಡಬ್ಲ್ಯುಎಫ್ ಅಂತ ಹೆಸರು. 1996ರಲ್ಲಿ ಬ್ರೆಟ್ ಅದರ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ಮರುವರ್ಷವೇ ಮಾಲೀಕ ವಿನ್ಸ್ ಮೆಕ್‌ಮಹನ್ ‘ಅಷ್ಟು ದುಡ್ಡು ಕೊಡೋಕೆ ಆಗಲ್ಲ’ ಅಂದುಬಿಟ್ಟರು. ಬ್ರೆಟ್ ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯು ಸೇರಲು ಒಪ್ಪಿದರು. ಆದ್ರೆ ಬೆಲ್ಟ್ ಇನ್ನೂ ಅವರ ಹತ್ತಿರವೇ ಇತ್ತು.

ವಿನ್ಸ್‌ಗೆ ಅದೇ ಭಯ. 1995ರಲ್ಲಿ ಅವರ ಕಂಪನಿಯ ಮಹಿಳಾ ಚಾಂಪಿಯನ್ ಎದುರಾಳಿ ಚಾನೆಲ್‌ಗೆ ಹೋಗಿ, ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ್ದರು.

ಸೋಲೋಕೆ ಬ್ರೆಟ್ ತಯಾರಿದ್ದರು. ಆದ್ರೆ ತಮ್ಮ ದೇಶದಲ್ಲಿ, ಅದೂ ಮೈಕಲ್ಸ್ ಕೈಯಲ್ಲಿ ಸೋಲಲ್ಲ ಅಂದರು. ಕೊನೆಯ 30 ದಿನ ತಮ್ಮ ಪಂದ್ಯಗಳ ಬಗ್ಗೆ ಮಾತಾಡೋ ಹಕ್ಕು ಒಪ್ಪಂದದಲ್ಲೇ ಇತ್ತು. ಕೊನೆಗೆ, ಹೊರಗಿನವರು ನುಗ್ಗಿ ಪಂದ್ಯ ಕೆಡಬೇಕು, ಬೆಲ್ಟ್ ಬ್ರೆಟ್ ಬಳಿಯೇ ಉಳಿಯಬೇಕು ಅಂತ ಮಾತಾಯ್ತು.

ರಿಂಗ್‌ನಲ್ಲಿ ಆಗಿದ್ದೇನು?

ಮೈಕಲ್ಸ್, ಬ್ರೆಟ್ ಅವರದೇ ಪಟ್ಟು ‘ಶಾರ್ಪ್‌ಶೂಟರ್’ ಹಾಕಿದರು. ಬ್ರೆಟ್ ಸೋಲು ಒಪ್ಪಿರಲಿಲ್ಲ. ಅಷ್ಟರಲ್ಲಿ ರಿಂಗ್ ಪಕ್ಕದಲ್ಲಿದ್ದ ವಿನ್ಸ್ ಗಂಟೆ ಬಾರಿಸೋಕೆ ಹೇಳಿದರು. ಪಂದ್ಯ ಮುಗಿದೇ ಹೋಯ್ತು! ಬ್ರೆಟ್ ಅಲ್ಲೇ ವಿನ್ಸ್ ಮುಖಕ್ಕೆ ಉಗಿದರು. ಆಮೇಲೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಗುದ್ದಿದರು. ಆ ಏಟು ನಾಟಕ ಅಲ್ಲ.

ಈಗಲೂ ಚರ್ಚೆ ಯಾಕೆ?

ಈ ಕುಸ್ತಿಯಲ್ಲಿ ಫಲಿತಾಂಶ ಸುಳ್ಳಿರಬಹುದು, ಬೀಳೋದು ನಿಜ. ಎತ್ತಿ ಒಗೆಯೋನು ಹುಷಾರಾಗಿ ಒಗೀತಾನೆ ಅನ್ನೋ ನಂಬಿಕೆಯ ಮೇಲೆ ಇನ್ನೊಬ್ಬ ಮೈ ಒಡ್ಡುತ್ತಾನೆ. ಇಲ್ಲಿ ಕೊಟ್ಟ ಮಾತಿಗೆ ಬೆಲೆ ಹೆಚ್ಚು. ಅವತ್ತು ಮುರಿದಿದ್ದು ಅದೇ.

ಲಾಭ ಆಗಿದ್ದು ಮಾತ್ರ ವಿನ್ಸ್‌ಗೆ. ಜನರ ಸಿಟ್ಟನ್ನೇ ಬಳಸಿಕೊಂಡು ‘ಮಿಸ್ಟರ್ ಮೆಕ್‌ಮಹನ್’ ಅನ್ನೋ ವಿಲನ್ ಆಗಿ ಶೋ ನಡೆಸಿದರು. 2001ರಲ್ಲಿ ಡಬ್ಲ್ಯುಸಿಡಬ್ಲ್ಯುವನ್ನೇ ಕೊಂಡುಕೊಂಡರು. ಬ್ರೆಟ್ ಮತ್ತು ಮೈಕಲ್ಸ್ ರಿಂಗ್‌ನಲ್ಲಿ ಕೈ ಕುಲುಕಿದ್ದು 2010ರ ಜನವರಿಯಲ್ಲಿ, 12 ವರ್ಷ ಕಳೆದ ಮೇಲೆ.