ಕಬಾಬಿಗೆ ಯಾವ ಬೆಂಕಿ?

ಬಕ್ರೀದ್‌ನ ಮರುದಿನ. ನೆಂಟರಿಗೂ ಬಡವರಿಗೂ ಮಾಂಸ ಹಂಚಿಯಾಗಿದೆ. ಮನೆಯ ಪಾಲಿಗೆ ಮಸಾಲೆ ಹಚ್ಚಿಟ್ಟಿದ್ದೀರಿ. ಮಕ್ಕಳು ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಸುಟ್ಟ ಕಬಾಬಿಗಾಗಿ ಕಾಯುತ್ತಿದ್ದಾರೆ. ಸಹೋದರಿಯರೇ, ಮಸಾಲೆಯ ಬಗ್ಗೆ ಯೋಚಿಸಿದಷ್ಟು ಬೆಂಕಿಯ ಬಗ್ಗೆಯೂ ಯೋಚಿಸಿದ್ದೀರಾ?

ಮಾಂಸ ಬೇಯಬೇಕಾದದ್ದು ಉರಿಯಲ್ಲಲ್ಲ, ಕೆಂಡದ ಕಾವಿನಲ್ಲಿ. ಉರಿಗೆ ಹಿಡಿದರೆ ಹೊರಗೆ ಕರಕಲು, ಒಳಗೆ ಹಸಿ. ಆದ್ದರಿಂದ ಒಳ್ಳೆಯ ಕೆಂಡ ಕೊಡುವುದೇ ಒಳ್ಳೆಯ ಇಂಧನ.

ಕಟ್ಟಿಗೆಯಾದರೆ ಹುಣಸೆಯಂತಹ ಗಟ್ಟಿ ಮರದ್ದು, ಚೆನ್ನಾಗಿ ಒಣಗಿದ್ದು ಬೇಕು. ಬಣ್ಣ ಬಳಿದ ಹಳೆಯ ಕಿಟಕಿ, ಪ್ಲೈವುಡ್ ಚೂರುಗಳನ್ನು ಎಂದೂ ಉರಿಸಬೇಡಿ. ಬಣ್ಣ ಮತ್ತು ಅಂಟಿನಲ್ಲಿರುವ ವಿಷ ಹೊಗೆಯೊಂದಿಗೆ ಮಾಂಸಕ್ಕೂ ತಾಗುತ್ತದೆ.

ತೆಂಗಿನ ಗೆರಟೆ ಬೇಗ ಹತ್ತಿಕೊಳ್ಳುತ್ತದೆ. ಮೊದಮೊದಲು ಹೊಗೆ ಹೆಚ್ಚು. ಕೆಂಡವಾದ ಮೇಲೆ ಕಾವು ಜೋರು, ಆದರೆ ಬೇಗ ಆರುತ್ತದೆ. ಸಣ್ಣ ತುಂಡುಗಳಿಗೆ ಇದು ಸಾಕು. ದೊಡ್ಡ ತುಂಡುಗಳಿಗೆ ಇದ್ದಿಲೇ ಸರಿ. ಮರದ ನೀರು, ಹೊಗೆ ಎಲ್ಲ ಇದ್ದಿಲು ಸುಡುವಾಗಲೇ ಬಹುಪಾಲು ಹೋಗಿರುವುದರಿಂದ ಅದು ಹೊಗೆಯಿಲ್ಲದೆ ಹೆಚ್ಚು ಹೊತ್ತು ಕಾವು ಕೊಡುತ್ತದೆ. ಹೊತ್ತಿಸಲು ಸೀಮೆಎಣ್ಣೆ ಬೇಡ, ಅದರ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. ಒಣಗಿದ ತೆಂಗಿನ ನಾರು ಸಾಕು. ಅರ್ಧ ಗಂಟೆ ತಾಳ್ಮೆಯಿಂದಿರಿ. ಕೆಂಡದ ಮೇಲೆ ಬಿಳಿ ಬೂದಿ ಕವಿದಾಗ ಜಾಲರಿ ಇಡಿ.

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ಹೆಚ್ಚಿನ ಕೊಬ್ಬನ್ನು ಮೊದಲೇ ತೆಗೆಯಿರಿ. ಕರಕಲಾದ ಭಾಗವನ್ನು ಮಕ್ಕಳ ತಟ್ಟೆಗೆ ಹಾಕಬೇಡಿ.

ಅಂಗಳವಿಲ್ಲದ ಫ್ಲ್ಯಾಟ್‌ನಲ್ಲಿ ಗ್ಯಾಸ್ ಅಥವಾ ವಿದ್ಯುತ್ ಗ್ರಿಲ್ಲೇ ಕ್ಷೇಮ. ಕೆಂಡದ ರುಚಿ ತುಸು ಕಡಿಮೆಯಾದೀತು, ಅಷ್ಟೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮಳೆ ಬಂತೆಂದು ಕೆಂಡದ ಒಲೆಯನ್ನು ಮನೆಯೊಳಗೆ ತರಬೇಡಿ. ಉಳಿದ ಕೆಂಡವನ್ನು ಚಳಿ ಕಾಯಿಸಲು ಮಲಗುವ ಕೋಣೆಯಲ್ಲಿ ಇಡಬೇಡಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುವುದಿಲ್ಲವೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಆ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು, ನಿದ್ದೆಯಲ್ಲಿದ್ದವರನ್ನು ಎಚ್ಚರಗೊಳಿಸದೆಯೇ ಕೊಲ್ಲುತ್ತದೆ. ಕಿಟಕಿ ತೆರೆದಿಟ್ಟರೂ ಅಪಾಯ ತಪ್ಪಿತೆಂದು ಹೇಳಲಾಗದು. ಬೆಂಕಿಯ ಬಳಿ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಎಲ್ಲರನ್ನೂ ಕೂಡಲೇ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ.

ಮಲಗುವಾಗ ಮನೆಯಲ್ಲಿ ಬೆಂಕಿ ಉಳಿಸಬಾರದೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಊಟ ಮುಗಿದ ಬಳಿಕ ಅಂಗಳದಲ್ಲೇ ಕೆಂಡಕ್ಕೆ ನಿಧಾನವಾಗಿ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ. ಬೂದಿ ತಣ್ಣಗಾದ ಮೇಲೆಯೇ ಬಾಗಿಲು ಹಾಕಿಕೊಳ್ಳಿ.